ಪಸಾಟ್ ಅಂದುಕೊಂಡರೆ ಅಂದುಕೊಳ್ಳಲಿ ಬಿಡು

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ಓದಿ ನಗು ಬಂತು. "ಅದೇ ದುಡ್ಡಿಗೆ ನಕ್ಷತ್ರ ಇರೋ ಬೆಂಜ್ ಕಾರೇ ಬರ್ತಿತ್ತಲ್ಲೋ, ಹೋಗಿ ಹೋಗಿ ಫೋಕ್ಸ್‌ವ್ಯಾಗನ್ ಯಾಕೆ ತಗೊಂಡೆ" ಅಂತ ಅವತ್ತು ಎಲ್ಲರೆದುರು ಕಾಲೆಳೆದವನು ನೀನೇ. ಈಗ "ಒಂದು ಫೇಟನ್ ಮಾರಾಟಕ್ಕಿದೆ, ತಗೋಬಹುದಾ ಹೇಳು" ಅಂತ ಗುಟ್ಟಾಗಿ ಕೇಳುತ್ತಿರುವವನೂ ನೀನೇ. ನನ್ನದೂ ಅದೇ ಫೇಟನ್, ಫೋಕ್ಸ್‌ವ್ಯಾಗನ್ ಮಾಡಿದ ದೊಡ್ಡ ದುಬಾರಿ ಸೆಡಾನ್. ಎರಡಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ. ಎಲ್ಲರೂ ಓದುವ ಜಾಗದಲ್ಲಿ ಹಾಕುತ್ತಿರುವುದಕ್ಕೂ ಕಾರಣ ಇದೆ. ಇದೇ ಪ್ರಶ್ನೆ ಕೇಳುವವರು ನೀನೊಬ್ಬನೇ ಅಲ್ಲ.

ಮೊದಲೇ ಹೇಳಿಬಿಡುತ್ತೇನೆ. ಈ ಕಾರನ್ನು ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಆಫೀಸಿನ ಹಿರಿಯರೊಬ್ಬರು ಪಾರ್ಕಿಂಗಿನಲ್ಲಿ ನಿಂತು, "ಹಳೇ ಪಸಾಟ್‌ನ ಚೆನ್ನಾಗಿ ಇಟ್ಕೊಂಡಿದ್ದೀರಿ ರೀ" ಅಂದರು. ಹೂಂ ಸಾರ್ ಅಂದೆ. ಪಸಾಟ್ ಅಂದರೆ ಅದೇ ಕಂಪನಿಯ, ಇದಕ್ಕಿಂತ ಚಿಕ್ಕ, ಅಗ್ಗದ ಸೆಡಾನ್. ಅವರ ತಪ್ಪೇನೂ ಇಲ್ಲ. ಮುಂದೆ ಅದೇ ಗುಂಡಗಿನ ಲಾಂಛನ, ಅದೇ ಥರದ ಗ್ರಿಲ್, ಅದೇ ಸೌಮ್ಯ ಮುಖ. ಪಸಾಟ್ ಪಕ್ಕದಲ್ಲೇ ತಂದು ನಿಲ್ಲಿಸಿದರೆ ಮಾತ್ರ ವ್ಯತ್ಯಾಸ ಕಾಣುತ್ತೆ. ಇದು ಐದು ಮೀಟರಿಗಿಂತ ಉದ್ದ, ತೂಕ ಎರಡು ಟನ್ ದಾಟುತ್ತೆ. ಆದರೆ ಪಕ್ಕದಲ್ಲಿ ಪಸಾಟ್ ನಿಲ್ಲಿಸಿಕೊಂಡು ಯಾರು ತಿರುಗುತ್ತಾರೆ?

ಈ ಕಾರಿನ ಹಿಂದೆ ಒಬ್ಬ ಹಟಮಾರಿ ಇದ್ದ. ಫರ್ಡಿನಾಂಡ್ ಪೀಯೆಕ್. ಫರ್ಡಿನಾಂಡ್ ಪೋರ್ಷೆಯ ಮೊಮ್ಮಗ, 1993ರಿಂದ 2002ರವರೆಗೆ ಫೋಕ್ಸ್‌ವ್ಯಾಗನ್ ಮುಖ್ಯಸ್ಥ. ಎಂಜಿನಿಯರುಗಳ ಮುಂದೆ ಆತ ಇಟ್ಟ ಷರತ್ತುಗಳಲ್ಲಿ ಒಂದು ಪ್ರಸಿದ್ಧ. ಹೊರಗೆ 50 ಡಿಗ್ರಿ ಬಿಸಿಲಿದ್ದರೂ, ಗಂಟೆಗೆ 300 ಕಿ.ಮೀ. ವೇಗದಲ್ಲಿ ದಿನವಿಡೀ ಓಡಿಸಿದರೂ, ಒಳಗೆ 22 ಡಿಗ್ರಿಯೇ ಇರಬೇಕು. ತಮಾಷೆ ಏನು ಗೊತ್ತಾ? ಗಿರಾಕಿಗೆ ಮಾರಿದ 12 ಸಿಲಿಂಡರಿನ ಕಾರಿಗೂ ಅವರೇ 250ಕ್ಕೆ ವೇಗದ ಕಡಿವಾಣ ಹಾಕಿದ್ದರು. ಯಾರೂ ಹೋಗಲಾಗದ ವೇಗಕ್ಕೆ ಕಾರು ತಯಾರು! ಹುಚ್ಚು ಅನ್ನು, ಏನಾದರೂ ಅನ್ನು. ಆ ಹುಚ್ಚಿನ ಲಾಭ ಈಗ ನಮಗೆ ಆಗುತ್ತಿದೆ.

ಇದನ್ನು ಕಟ್ಟೋಕೆ ಅಂತಲೇ ಜರ್ಮನಿಯ ಡ್ರೆಸ್ಡೆನ್ ಊರಿನ ನಡುವೆ ಗಾಜಿನ ಗೋಡೆಯ ಕಾರ್ಖಾನೆ ಎಬ್ಬಿಸಿದರು. ಒಳಗೆ ಮರದ ನೆಲ. ಬಿಡಿಭಾಗಗಳು ಲಾರಿಯಲ್ಲಿ ಬಂದರೆ ಊರಿಗೆ ತೊಂದರೆ ಅಂತ ಟ್ರಾಮ್ ಹಳಿ ಮೇಲೆ ಓಡುವ ನೀಲಿ ಗೂಡ್ಸ್ ಗಾಡಿ. ಕಾರು 2002ರಲ್ಲಿ ಜಿನೀವಾ ಮೋಟಾರ್ ಪ್ರದರ್ಶನದಲ್ಲಿ ಹೊರಬಂತು, 2016ರ ಮಾರ್ಚ್‌ನಲ್ಲಿ ನಿಂತೇಹೋಯಿತು. ವರ್ಷಕ್ಕೆ 20,000 ಮಾರಬೇಕು ಅಂತ ಲೆಕ್ಕ ಹಾಕಿದ್ದವರು ಅಷ್ಟೂ ವರ್ಷಗಳಲ್ಲಿ ಒಟ್ಟು ಕಟ್ಟಿದ್ದು ಸುಮಾರು 84,000. ಅಮೆರಿಕದಲ್ಲಂತೂ 2004ರಿಂದ 2006ರ ಮಾಡೆಲ್‌ವರೆಗೆ ಮಾರಿ ಕೈತೊಳೆದುಕೊಂಡರು. ಇದೇ ಅಡಿಪಾಯದ (ಪ್ಲಾಟ್‌ಫಾರ್ಮ್) ಮೇಲೆ ನಿಂತ, ಅದೇ ಗುಂಪಿನ ದುಬಾರಿ ಬ್ರ್ಯಾಂಡ್ ಬೆಂಟ್ಲಿಯ ಕಾಂಟಿನೆಂಟಲ್ ಜಿಟಿ ಮಾತ್ರ ಚೆನ್ನಾಗಿಯೇ ಓಡಿತು. ಬೆಂಟ್ಲಿಯ ಫ್ಲೈಯಿಂಗ್ ಸ್ಪರ್ ಕಾರುಗಳನ್ನು ಸ್ವಲ್ಪ ಕಾಲ ಡ್ರೆಸ್ಡೆನ್ನಿನ ಅದೇ ಗಾಜಿನ ಮನೆಯಲ್ಲೂ ಜೋಡಿಸಿದ್ದುಂಟು.

ಸೋತಿದ್ದು ಯಾಕೆ? ಬ್ಯಾಡ್ಜು, ಅಂದರೆ ಮೂತಿಯ ಮೇಲಿನ ಲಾಂಛನ, ಅಂತ ಎಲ್ಲರೂ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಆಗುವುದಿಲ್ಲ. ಅದೇ 2002ರಲ್ಲಿ, ಅದೇ ಬ್ಯಾಡ್ಜ್ ಹಚ್ಚಿಕೊಂಡು ಟುವಾರೆಗ್ ಅನ್ನೋ ಎಸ್‌ಯುವಿ ಬಂತಲ್ಲ. ಅದೂ ದುಬಾರಿ ಗಾಡಿಯೇ. ಜನ ತಗೊಂಡರು. ಎಸ್‌ಯುವಿ ತಗೊಳ್ಳುವವನು ಎತ್ತರ ಬೇಕು, ಜಾಗ ಬೇಕು, ಕೆಟ್ಟ ರಸ್ತೆಗೆ ಬೇಕು ಅಂತ ಏನಾದರೂ ಒಂದು ಕಾರಣ ಹೇಳಿಕೊಳ್ಳಬಹುದು. ದೊಡ್ಡ ಸೆಡಾನ್‌ಗೆ ಆ ನೆಪವೇ ಇಲ್ಲ. ಅಷ್ಟು ದುಡ್ಡು ಕೊಟ್ಟು ಅದನ್ನು ತಗೊಳ್ಳುವುದೇ ಬಾಗಿಲ ಮುಂದೆ ಬಂದು ಇಳಿದಾಗ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ. ಆ ಕೆಲಸ ಒಂದನ್ನು ಬಿಟ್ಟು ಫೇಟನ್ ಬೇರೆಲ್ಲ ಕೆಲಸ ಮಾಡುತ್ತಿತ್ತು.

ಬೇರೆಯವರು ಇದನ್ನು ಮೊದಲೇ ಅರ್ಥ ಮಾಡಿಕೊಂಡಿದ್ದರು. ಟೊಯೋಟಾ 1989ರಲ್ಲಿ ಎಲ್‌ಎಸ್ 400 ಅನ್ನೋ ದುಬಾರಿ ಸೆಡಾನ್ ತಂದಾಗ ಅದಕ್ಕೆ ತನ್ನ ಹೆಸರೇ ಇಡಲಿಲ್ಲ, ಲೆಕ್ಸಸ್ ಅಂತ ಹೊಸ ಅಂಗಡಿಯನ್ನೇ ತೆರೆಯಿತು. ಹ್ಯುಂಡೈ ಮೊದಲು ಜೆನೆಸಿಸ್ ಅನ್ನೋ ಕಾರನ್ನು ತನ್ನ ಹೆಸರಿನಲ್ಲೇ ಮಾರಿತು. ಅದು 2009ರ ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿಯನ್ನೂ ಗೆದ್ದಿತು. ಆದರೂ 2015ರಲ್ಲಿ ಜೆನೆಸಿಸ್ ಅನ್ನು ಬೇರೆ ಬ್ರ್ಯಾಂಡ್ ಮಾಡಬೇಕಾಯಿತು. ಕಾರು ಚೆನ್ನಾಗಿದ್ದರೆ ಸಾಲದು, ಮೂತಿಯ ಮೇಲಿನ ಹೆಸರೂ ದುಬಾರಿ ಕೇಳಿಸಬೇಕು.

ಜಪಾನಿನಲ್ಲಿ ಮಾತ್ರ ಒಂದು ವಿಚಿತ್ರ ಇದೆ. ಟೊಯೋಟಾ ಸೆಂಚುರಿ. 1967ರಿಂದ ಬರುತ್ತಿರುವ ಕಾರು. ಮುಂದೆ ಟೊಯೋಟಾ ಗುರುತಿಲ್ಲ, ಫೀನಿಕ್ಸ್ ಹಕ್ಕಿಯ ಲಾಂಛನ ಇದೆ. ಸೀಟಿಗೆ ಉಣ್ಣೆ ಬಟ್ಟೆ. ಚರ್ಮದ ಸೀಟಾದರೆ ಕೂತವರು ಅಲುಗಾಡಿದಾಗ ಕಿರ್ ಅನ್ನುತ್ತಲ್ಲ, ಅದೂ ಬೇಡವಂತೆ! ಅಲ್ಲಿ ತೋರಿಸಿಕೊಳ್ಳದೇ ಇರುವುದೇ ದೊಡ್ಡಸ್ತಿಕೆ. ಚಕ್ರವರ್ತಿಯೂ ಅದರಲ್ಲೇ ಓಡಾಡುತ್ತಾರೆ. ಅಂದರೆ ಅದೂ ಒಂಥರಾ ಬ್ಯಾಡ್ಜೇ, ಗೊತ್ತಿದ್ದವರಿಗಷ್ಟೇ ಕಾಣುವ ಬ್ಯಾಡ್ಜು. ಫೇಟನ್‌ಗೆ ಆ ಭಾಗ್ಯವೂ ಇಲ್ಲ, ಗೊತ್ತಿದ್ದವರಿಗೂ ಗುರುತು ಸಿಗುವುದಿಲ್ಲ.

ಸರಿ, ಒಳಗೆ ಬಾ. ನಿನ್ನನ್ನು ಒಪ್ಪಿಸಬೇಕಾದರೆ ಒಳಗೇ ಕೂರಿಸಬೇಕು.

ಡ್ಯಾಶ್‌ಬೋರ್ಡಿನ ಈ ತುದಿಯಿಂದ ಆ ತುದಿವರೆಗೆ ಮರದ ಪಟ್ಟಿ, ನಡುವೆ ಮುಳ್ಳಿನ ಗಡಿಯಾರ. ಏಸಿಯ ಗಾಳಿ ಎಲ್ಲಿಂದ ಬರುತ್ತೆ ಅಂತ ಹುಡುಕಿದರೆ ಕಾಣಿಸುವುದಿಲ್ಲ. ಬಿಸಿಲಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡು. ಮರದ ಪಟ್ಟಿಯ ತುಂಡುಗಳು ಮೆಲ್ಲಗೆ ಸರಿದು, ಹಿಂದೆ ಅಡಗಿದ್ದ ಗಾಳಿಕಿಂಡಿಗಳು ತೆರೆದುಕೊಳ್ಳುತ್ತವೆ. ಅವಸರ ಇಲ್ಲ, ಟಕ್ ಅನ್ನುವ ಶಬ್ದ ಇಲ್ಲ. ಒಳಗೆ ತಂಪಾಯಿತು ಅನ್ನೋ ಹೊತ್ತಿಗೆ ಅದೇ ಪಟ್ಟಿಗಳು ಮತ್ತೆ ಬಂದು ಮುಚ್ಚಿಕೊಳ್ಳುತ್ತವೆ. ಆಮೇಲೆ ಗಾಳಿ ಬೇರೆ ದಾರಿಗಳಿಂದ ಸುತ್ತಿ ಬರುತ್ತೆ, ಮುಖಕ್ಕೆ ಹೊಡೆಯುವುದೇ ಇಲ್ಲ. ತಂಪು ಇರುತ್ತೆ, ಗಾಳಿ ಗೊತ್ತಾಗಲ್ಲ. ಗಾಜಿನ ಮೇಲೆ ಮಂಜು ಕಟ್ಟಬಾರದು ಅಂತ ಒಳಗಿನ ತೇವ ಅಳೆಯೋಕೆ ಬೇರೆ ಸೆನ್ಸರ್. ನಾಲ್ಕು ಸೀಟಿಗೆ ನಾಲ್ಕು ಬೇರೆ ಬೇರೆ ಹವೆ. ಹಿಂದೆ ಕೂತ ನನ್ನ ಹೆಂಡತಿಗೆ ಬೆಚ್ಚಗೆ ಬೇಕು, ನನಗೆ ತಣ್ಣಗೆ ಬೇಕು. ಮನೆಯಲ್ಲಿ ಬಗೆಹರಿಯದ ಜಗಳ ಕಾರಿನಲ್ಲಿ ಬಗೆಹರಿದಿದೆ.

ಇನ್ನು ಡಿಕ್ಕಿ ತೆಗೆದು ನೋಡು. ನಗಬೇಡ. ಎಷ್ಟೋ ಕಾರುಗಳಲ್ಲಿ ಮುಚ್ಚಳದ ಕಬ್ಬಿಣದ ತೋಳು ಒಳಕ್ಕೆ ಬಾಗಿ ಬರುತ್ತೆ, ಸೂಟ್‌ಕೇಸಿನ ತಲೆ ಮೇಲೆ ಕೂರುತ್ತೆ. ಇದರಲ್ಲಿ ಮಿರಮಿರ ಹೊಳೆಯುವ ಅಲ್ಯೂಮಿನಿಯಂ ಕೀಲುಗಳು, ಮಡಚಿಕೊಂಡು ತಮ್ಮ ಪಾಡಿಗೆ ಅಂಚಿನಲ್ಲಿ ಸೇರಿಕೊಳ್ಳುತ್ತವೆ. ಕಾರು ತಗೊಳ್ಳುವ ಮೊದಲು ಯಾರೂ ಕೀಲು ನೋಡುವುದಿಲ್ಲ. ಯಾರೂ ನೋಡದ ಜಾಗಕ್ಕೆ ಇಷ್ಟು ದುಡ್ಡು ಸುರಿದವರು ಎಲ್ಲರೂ ನೋಡುವ ಜಾಗದಲ್ಲಿ ಸುಮ್ಮನಿದ್ದರಲ್ಲ, ನನಗೆ ಈ ಕಾರು ಇಷ್ಟ ಆಗಿದ್ದೇ ಅದಕ್ಕೆ.

ಓಡಿಸುವ ಬಗ್ಗೆ ಜಾಸ್ತಿ ಹೇಳಲ್ಲ. ನನ್ನದು 3.0 ಲೀಟರಿನ ವಿ6, ಅಂದರೆ ಆರು ಸಿಲಿಂಡರಿನ ಡೀಸೆಲ್. ನಾಲ್ಕೂ ಮೂಲೆಯಲ್ಲಿ ಗಾಳಿ ತುಂಬಿದ ಸಸ್ಪೆನ್ಷನ್, ನಾಲ್ಕೂ ಚಕ್ರಕ್ಕೆ ಎಳೆತ. ಚುರುಕು ಅಂತೇನಿಲ್ಲ, ಭಾರದ ಗಾಡಿ. ದೂರದ ದಾರಿಯಲ್ಲಿ ಹೋಗಿ ಇಳಿದಾಗ ಬೆನ್ನು ನೋಯುವುದಿಲ್ಲ, ಹಿಂದೆ ಕೂತವರು ನಿದ್ದೆ ಮಾಡಿರುತ್ತಾರೆ. ಅಷ್ಟೇ.

ಬ್ಯಾಡ್ಜ್ ಇಲ್ಲದ್ದರ ಸುಖ ನಿಧಾನಕ್ಕೆ ಗೊತ್ತಾಗುತ್ತೆ. ಹಿಂದಿನಿಂದ ಬಂದವನು ನಿನ್ನ ಜೊತೆ ಪೈಪೋಟಿಗೆ ಬರುವುದಿಲ್ಲ. ಕೆಲಸ ಕೇಳಿಕೊಂಡು ಯಾರದೋ ಆಫೀಸಿಗೆ ಹೋದರೆ, ಕಾರು ನೋಡಿ "ಇವನಿಗೇನು ಕಮ್ಮಿ" ಅಂತ ಅವರು ರೇಟು ಇಳಿಸುವುದಿಲ್ಲ. ಸಾಲ ಕೇಳುವವರ ಕಣ್ಣಿಗೂ ಬೀಳುವುದಿಲ್ಲ. ದೊಡ್ಡ ಹೋಟೆಲುಗಳಲ್ಲಿ ಹೆಸರುವಾಸಿ ಕಾರುಗಳನ್ನು ಬಾಗಿಲೆದುರೇ ನಿಲ್ಲಿಸುತ್ತಾರೆ, ನಮ್ಮದನ್ನು ಹಿಂದೆಲ್ಲೋ ಮೂಲೆಗೆ ಕಳಿಸುತ್ತಾರೆ. ನನಗೆ ಅದೇ ವಾಸಿ, ಬಾಗಿಲು ತೆಗೆಯುವಾಗ ಯಾರೂ ತಗುಲಿಸುವುದಿಲ್ಲ.

ಆದರೆ ನಿನ್ನ ಹತ್ತಿರ ಮುಚ್ಚುಮರೆ ಯಾಕೆ. ಬ್ಯಾಡ್ಜ್ ಬೇಡ ಅಂದವನಿಗೆ ಜಂಭ ಇಲ್ಲ ಅಂದುಕೊಳ್ಳಬೇಡ. ಒಂದು ಕೈ ಜಾಸ್ತಿನೇ ಇರುತ್ತೆ! ಆ ಹಿರಿಯರು ಪಸಾಟ್ ಅಂದಾಗ "ಸಾರ್, ಇದು ಬೆಂಟ್ಲಿ ಅಡಿಪಾಯ" ಅನ್ನೋ ಮಾತು ನಾಲಿಗೆ ತುದಿವರೆಗೆ ಬಂದಿತ್ತು. ನುಂಗಿಕೊಂಡೆ. ನಕ್ಷತ್ರದ ಕಾರಿನವನಿಗೆ ಈ ಕಷ್ಟ ಇಲ್ಲ ನೋಡು, ಅವನ ಪರವಾಗಿ ಬಾನೆಟ್ಟೇ ಮಾತಾಡುತ್ತೆ. ನಮ್ಮಂಥವರು ಬಾಯಿ ಬಿಟ್ಟರೆ ಕೆಟ್ಟೆವು. ವಿವರಿಸೋಕೆ ಶುರು ಮಾಡಿದ ಗಳಿಗೆಯೇ ನಾವು ಬ್ಯಾಡ್ಜ್ ಬೇಕಿದ್ದವರು ಅಂತ ಗೊತ್ತಾಗಿಬಿಡುತ್ತೆ. ನಿನ್ನ ಸ್ವಭಾವ ನನಗೆ ಗೊತ್ತು. ಹೊಸ ವಾಚ್ ಕಟ್ಟಿದ ದಿನ ಐದೈದು ನಿಮಿಷಕ್ಕೂ ಟೈಮ್ ಹೇಳುವವನು ನೀನು. ಈ ಕಾರನ್ನು ಸುಮ್ನೆ ಇಟ್ಟುಕೊಂಡು ಓಡಿಸ್ತೀಯಾ? ಅದನ್ನು ಮೊದಲು ಯೋಚನೆ ಮಾಡು, ಎಂಜಿನ್ ವಿಷಯ ಆಮೇಲೆ.

ಈಗ ದುಡ್ಡಿನ ಮಾತು. ಹೆಸರಿಲ್ಲದ ದೊಡ್ಡ ಕಾರಿನ ಬೆಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ಧಡಧಡ ಇಳಿಯುತ್ತೆ. ಮೊದಲ ಮಾಲೀಕನಿಗೆ ಬರೆ, ನಮಗೆ ಲಾಭ. ಆದರೆ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಕಾರು ಮಧ್ಯಮ ವರ್ಗದ ರೇಟಿಗೆ ಸಿಗುತ್ತೆ, ಅದರ ಸಸ್ಪೆನ್ಷನ್ ಮಾತ್ರ ಶ್ರೀಮಂತರ ರೇಟಿಗೇ ಸಿಗುತ್ತೆ. ಹಳೇ ಕಾರಿಗೆ ಎರಡು ಮೂರು ದೊಡ್ಡ ಕೆಲಸ ಒಟ್ಟಿಗೆ ಬಂದರೆ ಮೂಗಿಗಿಂತ ಮೂಗುತಿ ಭಾರ. ನನ್ನದು ಇಲ್ಲಿವರೆಗೆ ಸತಾಯಿಸಿಲ್ಲ, ಅದಕ್ಕೆ ಹಿಂದಿನ ಮಾಲೀಕ ಸರಿಯಾಗಿ ನೋಡಿಕೊಂಡಿದ್ದು ಕಾರಣ. ಇನ್ನೊಂದು, ಸಿಕ್ಕ ಸಿಕ್ಕ ಗ್ಯಾರೇಜಿಗೆ ಬಿಡೋಕಾಗಲ್ಲ. ಈ ಗಾಡಿ ಗೊತ್ತಿರುವ ಮೆಕ್ಯಾನಿಕ್ ಯಾರು ಅಂತ ತಿಳಿದುಕೊಂಡೇ ಕಾರು ನೋಡೋಕೆ ಹೋಗು. ಸಿಗಲಿಲ್ಲವಾ, ಕಾರನ್ನೂ ಬಿಟ್ಟುಬಿಡು.

ನೀನು ನೋಡಿರುವುದು ವಿ10 ಡೀಸೆಲ್ಲಾ, ವಿ6ಆ? ಮೆಸೇಜಿನಲ್ಲಿ ಬರೆದಿಲ್ಲ. ವಿ10 ಆದರೆ ನನ್ನ ಮಾತು ಕೇಳಿ ದೂರ ಇರು. 5.0 ಲೀಟರ್, ಅದರ ಎಳೆತ ಕಂಡರೆ ಯಾರಿಗೂ ಆಸೆ ಆಗುತ್ತೆ. ಆದರೆ ಬಾನೆಟ್ ಕೆಳಗೆ ಕೈ ತೂರಿಸೋಕೂ ಜಾಗ ಇಲ್ಲ, ಕೆಲವು ದೊಡ್ಡ ಕೆಲಸಕ್ಕೆ ಎಂಜಿನ್ನನ್ನೇ ಕೆಳಗಿಳಿಸಬೇಕು. 12 ಸಿಲಿಂಡರಿನದ್ದಾದರೆ ಈ ಕಾಗದ ಇಲ್ಲಿಗೇ ಮಡಚಿಟ್ಟುಬಿಡು.

ವಿ6 ಆಗಿದ್ದರೆ ಹೀಗೆ ಮಾಡು. ಹಿಂದಿನ ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಹೋಗಿ ನೋಡು, ಸ್ಟಾರ್ಟ್ ಮಾಡುವ ಮೊದಲೇ. ಯಾವುದಾದರೂ ಒಂದು ಮೂಲೆ ಕುಸಿದು ಕೂತಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ ಅಂತ ಅರ್ಥ. ಸೋರಿಕೆ ತುಂಬೋಕೆ ಕಂಪ್ರೆಸರ್ ಒದ್ದಾಡಿ ಒದ್ದಾಡಿ ಕೊನೆಗೆ ಅದೂ ಕೈಕೊಡುತ್ತೆ. ಸನ್‌ರೂಫ್ ತೆಗೆದು ಅಂಚಿನ ಕಾಲುವೆಗೆ ಒಂದಿಷ್ಟು ನೀರು ಹಾಕು, ಕೆಳಗೆ ಹರಿದು ಹೊರಗೆ ಬೀಳಬೇಕು. ಕಸ ಕಟ್ಟಿಕೊಂಡಿದ್ದರೆ ನೀರು ಒಳಗೆ ಇಳಿಯುತ್ತೆ, ಕಾರ್ಪೆಟ್ ಕೆಳಗೆ ಎಲೆಕ್ಟ್ರಾನಿಕ್ಸ್ ಇದೆ. ಕಾರ್ಪೆಟ್ಟನ್ನು ಕೈಯಿಂದ ಒತ್ತಿಯೂ ನೋಡು, ಒದ್ದೆ ಇದ್ದರೆ ಮಾತಿಲ್ಲದೆ ಎದ್ದು ಬಾ. ಡಿಕ್ಕಿಯಲ್ಲಿ ಎರಡು ಬ್ಯಾಟರಿ ಇರುತ್ತವೆ. ಅವು ಎಷ್ಟು ಹಳೆಯವು ಕೇಳು. ಒಂದು ಸೊರಗಿದರೂ ಮೀಟರ್ ಬೋರ್ಡಿನಲ್ಲಿ ಸಂಬಂಧವೇ ಇಲ್ಲದ ಎಚ್ಚರಿಕೆಗಳು ಬರುತ್ತವೆ. ಅದನ್ನು ತೋರಿಸಿ ಬೆಲೆ ಇಳಿಸಬಹುದು, ಆದರೆ ಸ್ಕ್ಯಾನರ್ ಹಾಕಿ ನೋಡದೆ "ಬರೀ ಬ್ಯಾಟರಿ ಸಾರ್" ಅನ್ನೋ ಮಾತು ನಂಬಬೇಡ. ಕೊನೆಗೆ ಏಸಿ ಹಾಕಿ, ಮರದ ಪಟ್ಟಿಗಳು ಎಲ್ಲವೂ ತೆರೆದು ಎಲ್ಲವೂ ಮುಚ್ಚುತ್ತಾ ನೋಡು. ಒಂದು ಸಿಕ್ಕಿಕೊಂಡಿದ್ದರೂ ಅಲ್ಲಿಗೆ ಕೈ ಹಾಕೋಕೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ.

ಸರ್ವಿಸ್ ಬಿಲ್ಲುಗಳ ಫೋಟೋ ಮೊದಲು ತರಿಸಿಕೋ, ನನಗೂ ಕಳಿಸು. ಶನಿವಾರ ಆದರೆ ನಾನೂ ಜೊತೆಗೆ ಬರ್ತೀನಿ. ಎಂಜಿನ್ ತಣ್ಣಗಿರಬೇಕು, ಮೊದಲೇ ಬಿಸಿ ಮಾಡಿಡಬೇಡಿ ಅಂತ ಅವರಿಗೆ ಹೇಳಿಡು. ಅಲ್ಲಿವರೆಗೆ ಅಡ್ವಾನ್ಸ್ ಮಾತ್ರ ಕೊಡಬೇಡ ಮಾರಾಯ. ಈ ಕಾರಿಗೆ ನಿನ್ನ ಬಿಟ್ಟು ಬೇರೆ ಗಿರಾಕಿ ಯಾರೂ ಸಾಲಲ್ಲಿ ನಿಂತಿರಲ್ಲ.

ನಿನ್ನ,
ಪಸಾಟ್ ಮಾಲೀಕ