ಅವ್ವನ ಲೆಕ್ಕದ ಪುಸ್ತಕ

ಮಸ್ಕಿ
ಭಾನುವಾರ

ಪ್ರೀತಿಯ ತಂಗಿ,

ನಿನ್ನ ಪತ್ರ ಬಂತು. ದಿನಚರಿಗೆ ಅಂತ ಹೊಸ ನೋಟುಬುಕ್ಕು ತಂದು, ಮೂರು ಸಲ ಬರೆದು, ಮೂರು ಸಲವೂ ಹಾಳೆ ಹರಿದೆಯಂತೆ. ನಮ್ಮ ಮನೆಯ ದೇವರು, ನಮ್ಮ ಮನೆಯ ಪ್ರೀತಿ ಮುಂದೆ ಮಕ್ಕಳಿಗೆ ಗೊತ್ತಾಗಬೇಕು, ಆದರೆ ಬರೆದದ್ದೆಲ್ಲ ಭಾಷಣದ ಹಾಗೆ ಕಾಣುತ್ತದೆ ಅಂದಿದ್ದೀಯ. ಕಥೆ ಬರೆಯುವವರಿಗೆಲ್ಲ ಇದೇ ತೊಂದರೆ. ವಾಕ್ಯ ಚೆನ್ನಾಗಿರಬೇಕು ಅನ್ನುವ ಆಸೆ ದಿನಚರಿಗೆ ಕೂತಾಗಲೂ ಬಿಡುವುದಿಲ್ಲ.

ನನ್ನ ಅವ್ವ ನಾಲ್ಕನೇ ಕ್ಲಾಸು ಓದಿದವಳು. ದಿನಚರಿ ಅನ್ನುವ ಮಾತೇ ಅವಳಿಗೆ ಗೊತ್ತಿರಲಿಲ್ಲ. ಅವಳು ಬರೆದದ್ದು ಮನೆಯ ಲೆಕ್ಕ, ಕೆಂಪು ರಟ್ಟಿನ ಉದ್ದನೆಯ ಪುಸ್ತಕದಲ್ಲಿ. ಒಂದು ಪುಟದಲ್ಲಿ ಹೀಗಿದೆ: "ಜೋಳ ಹತ್ತು ಸೇರು. ಬೆಲ್ಲ ಅರ್ಧ ಕೆಜಿ. ಸಣ್ಣವನ ಜ್ವರ ಇಳಿದಿಲ್ಲ. ಅಮರೇಶ್ವರನಿಗೆ ಐದು ಕಾಯಿ ಬೇಡಿಕೊಂಡೆ." ಮುಂದೆ ಹನ್ನೊಂದು ದಿನ ಬರೀ ಸಾಮಾನಿನ ಲೆಕ್ಕ. ನಡುವೆ ಎರಡು ಸಲ 'ಗುಳಿಗೆ' ಅಂತಿದೆ. ಹನ್ನೆರಡನೇ ದಿನ: "ಗುರುಗುಂಟಾಕ್ಕೆ ಬಸ್ ಚಾರ್ಜು. ಕಾಯಿ ಐದು. ಮುಟ್ಟಿಸಿದೆ."

ಅಮರೇಶ್ವರನ ಗುಡಿ ಇರುವುದು ಗುರುಗುಂಟಾ ಹತ್ತಿರ. ಆ ಸಣ್ಣವ ನಾನು. ಅವ್ವ ಹೋದ ಮೇಲೆ ಟ್ರಂಕು ತೆಗೆದಾಗ ಇದು ಸಿಕ್ಕಿತು. 'ಮುಟ್ಟಿಸಿದೆ' ಅನ್ನುವ ಆ ಮಾತಿನ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತಿದ್ದೆ. ನಿನ್ನ ಮೇಲೆ ಜೀವ ಇಟ್ಟುಕೊಂಡಿದ್ದೇನೆ ಅಂತ ಅವ್ವ ಬಾಯಿಬಿಟ್ಟು ಯಾವತ್ತೂ ಹೇಳಿದವಳಲ್ಲ.

ನಮ್ಮ ಸೀಮೆಯ ಭಕ್ತಿ ಮೊದಲಿನಿಂದಲೂ ಹೀಗೇ, ಅಕ್ಕಿ ಬೇಳೆಯ ಜೊತೆಗೇ ಇದೆ. ಅದೇ ಅಮರೇಶ್ವರದಿಂದ ಬಸವಣ್ಣನ ಕಲ್ಯಾಣಕ್ಕೆ ಹೋದ ಶರಣೆ ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸಿಕೋ. ಗಂಡ ಮಾರಯ್ಯ ದಿನದ ಲೆಕ್ಕಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇದು ನಮಗೆ ಬೇಡ, ಅಲ್ಲೇ ಸುರಿದು ಬನ್ನಿ ಅಂದವಳು. ಎಂಟು ನೂರು ವರ್ಷ ದಾಟಿದರೂ ನಮಗೆ ಮೊದಲು ನೆನಪಾಗುವುದು ಆ ಅಕ್ಕಿಯೇ, ಅಲ್ವಾ? ಅದಕ್ಕೇ ಹೇಳುತ್ತೇನೆ, 'ನಮ್ಮದು ದೈವಭಕ್ತರ ಮನೆ' ಅಂತ ಬರೆಯಬೇಡ. ನಿಮ್ಮಜ್ಜಿ ಬೆಳಿಗ್ಗೆ ಒಲೆ ಹೊತ್ತಿಸುವ ಮುಂಚೆ ಏನು ಮಾಡುತ್ತಾರೆ, ಅದನ್ನು ಬರಿ.

ಅವ್ವನ ಪುಸ್ತಕದಲ್ಲಿ ಒಂದು ಕೊರತೆಯೂ ಇದೆ. ಇನ್ನೊಂದು ಪುಟದಲ್ಲಿ "ಅಕ್ಕ ಬಂದಳು. ಇಪ್ಪತ್ತು ರೂಪಾಯಿ ಕೊಟ್ಟಳು. ಬೇಡ ಅಂದರೂ ಕೇಳಲಿಲ್ಲ" ಅಂತಿದೆ. ಯಾವ ಅಕ್ಕ? ಅವ್ವನಿಗೆ ಒಡಹುಟ್ಟಿದ ಅಕ್ಕಂದಿರೇ ಇರಲಿಲ್ಲ. ಓಣಿಯವಳೋ, ತವರಿನ ಕಡೆಯವಳೋ, ಹೇಳುವವರು ಈಗ ಯಾರೂ ಉಳಿದಿಲ್ಲ. ನಮ್ಮ ಕಷ್ಟಕ್ಕೆ ಆದವಳ ಹೆಸರು ನನಗೆ ಗೊತ್ತಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ನಮ್ಮೂರಿನ ಗುಡ್ಡದ ಅಶೋಕನ ಶಾಸನವನ್ನು ನೀನು ಶಾಲೆಯಲ್ಲಿ ಓದಿರುತ್ತೀಯ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಅದನ್ನು ಕಂಡರು. ಅದಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಬಿರುದು ಮಾತ್ರ ಇತ್ತು. ಆ ರಾಜ ಅಶೋಕನೇ ಅನ್ನುವುದು ಮಸ್ಕಿಯ ಬಂಡೆಯಿಂದ ಖಚಿತವಾಯಿತು, ಯಾಕೆಂದರೆ ಇಲ್ಲಿ ಹೆಸರು ಕೆತ್ತಿದ್ದರು. ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೊಳದಲ್ಲೂ ಆ ಹೆಸರು ಆಮೇಲೆ ಸಿಕ್ಕಿತು. ಅಷ್ಟು ದೊಡ್ಡ ರಾಜನಿಗೇ ಹೀಗಾಗಿದ್ದರೆ, ನಮ್ಮ ಮನೆಯ ಅಕ್ಕ, ಕಾಕಾ, ದೊಡ್ಡಮ್ಮಂದಿರ ಗತಿ ಏನು ಹೇಳು? ಹೆಸರು ಬರಿ. ಊರು ಬರಿ, ಅವರು ನಿನಗೆ ಏನಾಗಬೇಕು ಅಂತಲೂ ಬರಿ. ತಾರೀಖಿನ ಜೊತೆ ವರ್ಷವನ್ನೂ ಹಾಕು. ಅವ್ವ ವರ್ಷ ಹಾಕಿಲ್ಲ. ನನಗೆ ಜ್ವರ ಬಂದಾಗ ವಯಸ್ಸು ಎಷ್ಟಿತ್ತು ಅಂತ ನಾನು ಜೋಳದ ರೇಟು ನೋಡಿ ಅಂದಾಜು ಮಾಡಬೇಕಾಯಿತು.

ಇನ್ನೊಂದು ಮಾತು. ಬರೆಯಲು ಸ್ವಲ್ಪ ಕಷ್ಟವಾಗುತ್ತಿದೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನೂ ಹರಕೆ ಹೊತ್ತೆ. ಅಪ್ಪ ಉಳಿಯಲಿಲ್ಲ. ಆಮೇಲೆ ನಾಲ್ಕು ತಿಂಗಳು ನನ್ನ ದಿನಚರಿ ಖಾಲಿ. ದೇವರ ಮೇಲೆ ಸಿಟ್ಟಿತ್ತು. ಆ ಸಿಟ್ಟನ್ನು ಬರೆಯುವುದು ಪಾಪ ಅನ್ನಿಸಿತ್ತು. ಈಗ ಮಗ ಕೇಳುತ್ತಾನೆ, "ಅಪ್ಪಾ, ಆಗ ಹೇಗೆ ಸುಧಾರಿಸಿಕೊಂಡಿ?" ತೋರಿಸಲು ನನ್ನ ಹತ್ತಿರ ಒಂದು ಸಾಲೂ ಇಲ್ಲ. ಮತ್ತೆ ದೀಪ ಹಚ್ಚಿದ ದಿನ ಯಾವುದು, ಯಾರ ಮಾತಿಗೆ ಮನಸ್ಸು ಮೆತ್ತಗಾಯಿತು, ಎಲ್ಲ ಮರೆತುಹೋಗಿದೆ. ನಿನಗೆ ಅಂಥ ದಿನ ಬಾರದಿರಲಿ. ಬಂದರೆ ಪುಸ್ತಕ ಮುಚ್ಚಬೇಡ. 'ಇವತ್ತು ಕೈ ಮುಗಿಯಲಿಲ್ಲ' ಅಂತಷ್ಟೇ ಬರೆದರೂ ಸಾಕು. ನಿನ್ನ ಮಕ್ಕಳಿಗೂ ಒಂದು ದಿನ ಕೈ ಮುಗಿಯಲು ಮನಸ್ಸಾಗುವುದಿಲ್ಲ. ಆಗ ಅವರು ಹುಡುಕುವುದು ಆ ಪುಟವನ್ನೇ.

ಮನೆಯವರ ಮೇಲಿನ ಸಿಟ್ಟು ಮಾತ್ರ ಒಂದು ರಾತ್ರಿ ಕಳೆದ ಮೇಲೆ ಬರಿ. ಓದುವ ಹೊತ್ತಿಗೆ ಅವರು ಉತ್ತರ ಕೊಡಲು ಇರುವುದಿಲ್ಲ. ಬಾಲ್ ಪೆನ್ನಿನಲ್ಲಿ ಬರಿ, ನೀರು ಬಿದ್ದರೂ ಅಕ್ಷರ ಹರಡುವುದಿಲ್ಲ. ಗೋಡೆಗೆ ಹತ್ತಿಸಿ ಇಡಬೇಡ, ಗೆದ್ದಲು ಹಿಡಿಯುತ್ತದೆ. ಫೋನಿನಲ್ಲಿ ಬರೆಯುವುದಾದರೆ ವರ್ಷಕ್ಕೊಮ್ಮೆ ಕಾಗದಕ್ಕೆ ಇಳಿಸಿಕೋ.

ಹರಿದ ಹಾಳೆಗಳನ್ನು ಒಲೆಗೆ ಹಾಕಿಲ್ಲ ತಾನೇ? ಇದ್ದರೆ ಅಂಟಿಸು. ನಿಮ್ಮಜ್ಜಿ ಸಂಜೆ ಹೊತ್ತು ಹಾಡುವ ಪದವನ್ನು ಅವರಿಗೆ ಕಲಿಸಿದವರು ಯಾರು ಅಂತ ಇವತ್ತೇ ಕೇಳಿ ಬರೆದುಕೋ. ಮುಂದಿನ ವಾರ ಮಸ್ಕಿಗೆ ಬಂದಾಗ ಆ ಹೆಸರು ನನಗೂ ಹೇಳು. ಅವ್ವನ ಪುಸ್ತಕ ತೆಗೆದಿಟ್ಟಿರುತ್ತೇನೆ.

ನಿನ್ನ
ಅಣ್ಣ