ಲಾಲ್‌ಬಾಗ್‌ನಲ್ಲಿ 2 ಜಿಬಿ ಕಾರ್ಡ್ ಕೊಟ್ಟವರಿಗೆ

ಕಳೆದ ಭಾನುವಾರ ಬೆಳಗ್ಗೆ ಲಾಲ್‌ಬಾಗ್ ಗಾಜಿನ ಮನೆ ಹತ್ತಿರ ನೀಲಿ ಸ್ವೆಟರ್ ಹಾಕಿಕೊಂಡಿದ್ದ ಹಿರಿಯರೇ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪನ ಹಳೇ 4 ಮೆಗಾಪಿಕ್ಸೆಲ್ ಕ್ಯಾಮೆರಾ ಹಿಡಿದು ನಿಂತಿದ್ದವಳು ನಾನು. ಹೊಸ 16 ಜಿಬಿ ಮೆಮೊರಿ ಕಾರ್ಡ್ ಹಾಕಿದ್ದೆ. ಎಷ್ಟು ಸಲ ಆನ್ ಮಾಡಿದರೂ ‘ಕಾರ್ಡ್ ಎರರ್’. ಅಪ್ಪ ಹೋದ ಮೇಲೆ ಅವರ ಕ್ಯಾಮೆರಾನೂ ಹೋಯಿತು ಅಂತ ಕಣ್ಣು ತುಂಬಿತ್ತು.

“ಕಾರ್ಡ್ ಎಷ್ಟು ಜಿಬಿ ಅಮ್ಮಾ?” ಅಂತ ನೀವು ಕೇಳಿದಿರಿ. ಇಂಥ ಹಳೇ ಕ್ಯಾಮೆರಾಗಳಿಗೆ 2 ಜಿಬಿವರೆಗಿನ ಹಳೇ ಎಸ್‌ಡಿ ಕಾರ್ಡ್ ಮಾತ್ರ ಆಗುತ್ತದೆ, 16 ಜಿಬಿಯದು ಆಮೇಲೆ ಬಂದ ಎಸ್‌ಡಿಎಚ್‌ಸಿ ಅನ್ನೋ ಬೇರೆ ಬಗೆ, ನೋಡೋಕೆ ಒಂದೇ ಥರ ಇದ್ದರೂ ಇದಕ್ಕೆ ಓದೋಕೆ ಬರಲ್ಲ ಅಂದಿರಿ. ನಿಮ್ಮ ಬ್ಯಾಗಿನಿಂದಲೇ 2 ಜಿಬಿ ಕಾರ್ಡ್ ತೆಗೆದು ಹಾಕಿ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿಕೊಟ್ಟಿರಿ. ದುಡ್ಡು ಅಂದರೆ ಕೈ ಅಡ್ಡ ಹಿಡಿದಿರಿ.

ಗೋಡೆ ಗಡಿಯಾರದ ಸೆಲ್ ಹಾಕಬೇಡ ಅಂದಿದ್ದೂ ನೆನಪಿದೆ. ಲೆನ್ಸ್ ಹೊರಬರುವಾಗ, ಫ್ಲ್ಯಾಶ್ ಚಾರ್ಜ್ ಆಗುವಾಗ ಜಾಸ್ತಿ ಕರೆಂಟ್ ಬೇಕು, ಅಷ್ಟು ಕೊಡೋಕೆ ಆ ಸೆಲ್‌ಗಳಿಗೆ ಆಗಲ್ಲ ಅಲ್ವಾ? ಈಗ 1.2 ವೋಲ್ಟಿನ ರೀಚಾರ್ಜೆಬಲ್ ಎಎ ಸೆಲ್ ಎರಡು ತಂದಿದ್ದೇನೆ. ಒಂದು ಸಲ ಚಾರ್ಜ್ ಮಾಡಿದ್ದು ಇನ್ನೂ ನಡೀತಾ ಇದೆ.

ಆ ಕಾರ್ಡಿನಲ್ಲಿ ಮೊದಲು ತೆಗೆದದ್ದು ಬಂಡೆ ಮೇಲೆ, ಕೆಂಪೇಗೌಡರ ಗೋಪುರದ ಪಕ್ಕ ಕೂತ ಅಮ್ಮನ ಫೋಟೋ. ಅಪ್ಪ ಯಾವಾಗಲೂ ಅಲ್ಲೇ ಕೂರಿಸಿ ತೆಗೆಯುತ್ತಿದ್ದರು. ನಿಮಗೂ ಒಂದು ಪ್ರಿಂಟ್ ಹಾಕಿಸಿದ್ದೇನೆ. ಬರುವ ಭಾನುವಾರ ಏಳು ಗಂಟೆಗೆ ಗಾಜಿನ ಮನೆ ಮುಂದೆ ಇರುತ್ತೇನೆ. ತುಂಬಾ ಧನ್ಯವಾದ ಸರ್.