ಹೋಗುವುದೂ ಕೂಡಿರುವುದೂ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಭಾನುವಾರಗಳಂದು ನೀವು ಗೆಳತಿಯರು ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಹೋಗಿ ಮಕ್ಕಳಿಗೆ ಓದು ಹೇಳಿಕೊಡುತ್ತಿರುವುದನ್ನೂ, ಕೇಳಿದವರಿಗೆ ಸುವಾರ್ತೆ ತಿಳಿಸುತ್ತಿರುವುದನ್ನೂ ಓದಿ ನನಗೂ ಅಮ್ಮನಿಗೂ ಸಂತೋಷವಾಯಿತು. ಆದರೆ ನಮ್ಮ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಜಗಳ ಬಿಟ್ಟು ಬೇರೇನೂ ಇಲ್ಲವೆಂದು ಆರಾಧನೆಗೆ ಹೋಗುವುದನ್ನೇ ನಿಲ್ಲಿಸಿದ್ದೀಯಂತೆ. ಜಗಳವಿಲ್ಲವೆಂದು ನಾನು ವಾದಿಸಲಾರೆ. ಕಾಂಪೌಂಡ್ ಗೋಡೆಯ ಬಣ್ಣಕ್ಕಾಗಿ ನಮ್ಮ ಸಮಿತಿ ಎರಡು ಸಂಜೆ ಕಳೆದಾಗ ಗೋಡೆಯಾಚೆಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯ ನೆನಪು ಯಾರಿಗೂ ಬರಲಿಲ್ಲ. ಆ ಎರಡು ಸಂಜೆಗಳ ವರದಿ ಬರೆದವನು ನಾನೇ.

ಆದರೂ ಮಾರ್ಕನ ಸುವಾರ್ತೆಯ 3ನೇ ಅಧ್ಯಾಯವನ್ನು ಇನ್ನೊಮ್ಮೆ ತೆರೆದು ನೋಡು. ಯೇಸು ಹನ್ನೆರಡು ಮಂದಿ ಶಿಷ್ಯರನ್ನು ನೇಮಿಸಿದ್ದು ಅವರು ತನ್ನ ಸಂಗಡ ಇರಲೆಂದು, ಸಾರುವುದಕ್ಕೆ ಅವರನ್ನು ಕಳುಹಿಸಲೆಂದು. ಆ ಸಂಗಡ ಎಂಬುದೇನೂ ಸುಲಭದ್ದಾಗಿರಲಿಲ್ಲ: ಆಳುವವರಿಗಾಗಿ ಸುಂಕ ಎತ್ತುತ್ತಿದ್ದ ಮತ್ತಾಯನೂ ಪರರ ಆಳ್ವಿಕೆಯನ್ನೇ ಒಪ್ಪದ ಮತಾಭಿಮಾನಿ ಸೀಮೋನನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಿತ್ತು, ನಮ್ಮಲ್ಲಿ ಯಾರು ದೊಡ್ಡವರೆಂದು ದಾರಿಯುದ್ದಕ್ಕೂ ವಾಗ್ವಾದ ನಡೆಯುತ್ತಿತ್ತು. ಅಂಥವರನ್ನೇ ಆತನು ಕಳುಹಿಸಿದನು. ಮುಂದೆ ಅಂತಿಯೋಕ್ಯ ಪಟ್ಟಣದ ಕ್ರೈಸ್ತ ಸಭೆ ಉಪವಾಸವಿದ್ದು, ಕೈಯಿಟ್ಟು ಪ್ರಾರ್ಥಿಸಿ ಬಾರ್ನಬನನ್ನೂ ಪೌಲನೆಂದೂ ಹೆಸರಾದ ಸೌಲನನ್ನೂ ಸುವಾರ್ತೆ ಸಾರಲು ಕಳುಹಿಸಿಕೊಟ್ಟಿತು. ಅವರು ತಿರುಗಿ ಬಂದು ಅದೇ ಸಭೆಯನ್ನು ಕೂಡಿಸಿ ನಡೆದದ್ದನ್ನೆಲ್ಲ ವಿವರಿಸಿ, ಅಲ್ಲಿಯೇ ಬಹುಕಾಲ ಉಳಿದರು.

ನಮ್ಮ ಮಂಗಳೂರಿನದೂ ಇದೇ ಕಥೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಸುವಾರ್ತಾ ಪ್ರಚಾರಕರು ಬಂದ ಮೇಲೆ ದೀಕ್ಷಾಸ್ನಾನ ಪಡೆದ ಅನೇಕರು ಮನೆಯನ್ನೂ ಕುಲಕಸುಬನ್ನೂ ಕಳೆದುಕೊಂಡರು. ಸಾರಿದ್ದಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಅವರಿಗಾಗಿ ನೇಯ್ಗೆಯ ಮಗ್ಗಗಳು ಬಂದವು, 1865ರಲ್ಲಿ ಹಂಚಿನ ಕಾರ್ಖಾನೆಯೂ ಆಯಿತು. ಹಾಗೆ ಆಸರೆಗೆಂದು ಕಟ್ಟಿದ ಕಾಂಪೌಂಡಿನೊಳಗೇ ಮುಂದೆ ನಾವು ಬೆಚ್ಚಗೆ ಕುಳಿತುಬಿಟ್ಟೆವೆಂಬುದು ನನ್ನ ಅನಿಸಿಕೆ, ಅಮ್ಮ ಇದನ್ನು ಒಪ್ಪುವುದಿಲ್ಲ.

ನಿಮ್ಮ ಶೆಡ್ಡಿನ ತಾಯಂದಿರಲ್ಲಿ ಒಬ್ಬಳು ನಾಳೆ, ನಿಮ್ಮ ದೇವರ ಮನೆ ಯಾವುದು, ನಾನೂ ಬರಲೇ ಎಂದು ಕೇಳಿದರೆ ಅವಳನ್ನು ಎಲ್ಲಿಗೆ ಕರೆದೊಯ್ಯುತ್ತೀ? ಶೆಡ್ಡಿನ ಕೆಲಸವನ್ನು ಶನಿವಾರ ಸಂಜೆಗೆ ಇಟ್ಟುಕೊಳ್ಳಲು ಬರುವುದಾದರೆ ಗೆಳತಿಯರನ್ನು ಕೇಳು. ಮುಂದಿನ ತಿಂಗಳು ನಮ್ಮಲ್ಲಿ ಬೆಳೆ ಹಬ್ಬ. ನೀನು ಬಂದರೆ ಆರಾಧನೆಯ ನಂತರ ಹತ್ತು ನಿಮಿಷ ನಿನಗೆ ಕೊಡಿಸುತ್ತೇನೆ. ಆ ಮಕ್ಕಳ ವಿಷಯ ಹೇಳು. ಗೋಡೆಯ ಬಣ್ಣದವರೂ ಕೇಳಲಿ.

ನಿನ್ನ ಅಪ್ಪ